ಬಿಟ್ಟಿ ಬಗ್ ಟ್ರ್ಯಾಕರ್ ನಂಬಿ ಎರಡೂವರೆ ವರ್ಷದ ದಾಖಲೆ ಕಳೆದುಕೊಂಡೆವು

ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡುತ್ತಿದ್ದರೆ, ಬಗ್ ಟ್ರ್ಯಾಕರ್ (ಆಪ್‌ನ ತಪ್ಪುಗಳನ್ನು, ಅಂದರೆ ಬಗ್‌ಗಳನ್ನು, ನಂಬರ್ ಹಾಕಿ ಬರೆದಿಡುವ ಜಾಗ) ಆರಿಸುವ ಮೊದಲು ಇದನ್ನೊಮ್ಮೆ ಓದಿಬಿಡಿ. ನಾವು ಮಾಡಿಕೊಂಡ ಎಡವಟ್ಟು ನಮಗೇ ಸಾಕು.

ನಾವು ಚಿಕ್ಕಮಗಳೂರಿನ ನಾಲ್ಕು ಜನ. ಸಣ್ಣ ಕಾಫಿ ಬೆಳೆಗಾರರಿಗೆ ಅಂತ ಒಂದು ಆಪ್ ಬರೆದಿದ್ದೇವೆ. ಮಳೆ ಲೆಕ್ಕ, ಹಣ್ಣು ಕುಯ್ದವರ ಕೂಲಿ ಲೆಕ್ಕ, ಅಷ್ಟೇ. ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಆಲ್ದೂರು, ಮೂಡಿಗೆರೆ, ಆಚೆ ಸಕಲೇಶಪುರದವರೆಗೂ ಬಳಸುವವರಿದ್ದಾರೆ.

ಮೊದಮೊದಲು ಬಗ್‌ಗಳೆಲ್ಲ ವಾಟ್ಸಾಪ್‌ನಲ್ಲೇ ಬರುತ್ತಿದ್ದವು. ಗುಡ್ ಮಾರ್ನಿಂಗ್ ಚಿತ್ರಗಳ ಮಧ್ಯೆ ಅವನ್ನು ಹುಡುಕಿ ಹುಡುಕಿ ಸಾಕಾಗಿ, ಒಂದು ಟ್ರ್ಯಾಕರ್ ಬೇಕೇ ಬೇಕು ಅಂತ ಕೂತೆವು. ಬಗ್‌ಜಿಲ್ಲಾ ನೋಡಿದೆವು. 1998ರಲ್ಲಿ ಮೊಜಿಲ್ಲಾದವರು ತಮಗೆ ಅಂತ ಮಾಡಿಕೊಂಡದ್ದು, ಗಟ್ಟಿ ಮಾಲು, ಆದರೆ ಆ ಫಾರಂ ನೋಡಿದರೆ ತಾಲೂಕು ಆಫೀಸಿನ ಅರ್ಜಿ ನೆನಪಾಗುತ್ತದೆ. ಮ್ಯಾಂಟಿಸ್, ರೆಡ್‌ಮೈನ್ ಆದರೆ ಸರ್ವರ್ ನಾವೇ ನೋಡಿಕೊಳ್ಳಬೇಕು. ಕೋಡ್ ಇಟ್ಟಿದ್ದ ಗಿಟ್‌ಹಬ್‌ನಲ್ಲೇ ಇಶ್ಯೂಸ್ ಇತ್ತು, ಅದು ತೀರಾ ಸಾದಾ ಅನ್ನಿಸಿತು. (ನಗಿ, ಪರವಾಗಿಲ್ಲ.) ಆಗ ನಮ್ಮಲ್ಲೊಬ್ಬ ಒಂದು ಕಂಪನಿಯ ಟ್ರ್ಯಾಕರ್ ತೋರಿಸಿದ. ಹೆಸರು ಬೇಡ ಬಿಡಿ. ನೋಡೋಕೆ ಚೆಂದ, ಕಾರ್ಡ್‌ಗಳನ್ನು ಎಳೆದು ಎಳೆದು ಇಡಬಹುದು, ಓಪನ್ ಸೋರ್ಸ್‌ನವರಿಗೆ ಬಿಟ್ಟಿ. ಅರ್ಧ ಗಂಟೆಯಲ್ಲಿ ಒಪ್ಪಿಬಿಟ್ಟೆವು. "ಎಕ್ಸ್‌ಪೋರ್ಟ್ ಇದೆಯಾ?" ಅಂತ ಒಬ್ಬ ಕೇಳಿದ. "ಇದೆ ಮಾರಾಯ" ಅಂದವನು ನಾನೇ. ಹಾಕಿದ್ದನ್ನೆಲ್ಲ ಫೈಲಾಗಿ ಹೊರತೆಗೆಯುವ ಬಟನ್ ಇತ್ತು, ಸುಳ್ಳಲ್ಲ. ಒತ್ತಿ ನೋಡಿರಲಿಲ್ಲ.

ಇಲ್ಲಿ 212ನೇ ಬಗ್ ವಿಷಯ ಹೇಳಲೇಬೇಕು. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಹೇಳುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಆಲ್ದೂರು ಕಡೆಯ ಗೌಡರೊಬ್ಬರು 0.5 ಅಂತ ಹಾಕಿದರು. ಅವರ ಲೆಕ್ಕದಲ್ಲಿ ಅದು ಐದು ಸೆಂಟ್. ಆಪ್ ಅರ್ಧ ಇಂಚು ಅಂತ ಬರೆದುಕೊಂಡಿತು. ಗಣಿತದ ಪ್ರಕಾರ ಆಪ್ ಸರಿ, ಗೌಡರ ಪ್ರಕಾರ ನಾವು ದಡ್ಡರು. ಐದು ಸೆಂಟ್ ಅಂದರೆ ಧೂಳು ಅಡಗಿಸುವ ನಾಲ್ಕು ಹನಿ. ಹೂಮಳೆ ಕಾಯುವ ಮಾರ್ಚ್‌ನಲ್ಲಿ ಅದನ್ನು ಅರ್ಧ ಇಂಚು ಅಂತ ತೋರಿಸಿದರೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವ ಲೆಕ್ಕವೇ ತಲೆಕೆಳಗು. ಆ ಬಗ್ ಕೆಳಗೆ ಉದ್ದಕ್ಕೆ ಚರ್ಚೆ ನಡೆಯಿತು. ಗೌಡರು ತಮ್ಮ ಮಳೆ ಡೈರಿಯ ಫೋಟೋ ತೆಗೆದು ತೆಗೆದು ಕಳಿಸಿದರು. ಕೊನೆಗೆ ಇಂಚಿಗೊಂದು, ಸೆಂಟ್‌ಗೊಂದು ಬೇರೆ ಬೇರೆ ಖಾನೆ ಮಾಡಿದೆವು. ಕಮಿಟ್ ಮೆಸೇಜ್‌ನಲ್ಲಿ (ಕೋಡ್ ಬದಲಿಸಿದಾಗ ಜೊತೆಗೆ ಬರೆಯುವ ಟಿಪ್ಪಣಿ) ಬರೆದದ್ದು "212 ಸರಿಯಾಯಿತು", ಅಷ್ಟೇ.

ಟ್ರ್ಯಾಕರ್ ಅಕೌಂಟ್ ತೆರೆದವನು ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಬಿಟ್ಟಿ ಪ್ಲಾನ್ ನಿಲ್ಲಿಸುತ್ತಿದ್ದೇವೆ, 30 ದಿನ ಟೈಮು ಅನ್ನುವ ಮೇಲ್ ಅವನೊಬ್ಬನಿಗೇ ಬಂತು, ಅದೂ ಅವನು ನೋಡುವುದನ್ನೇ ಬಿಟ್ಟಿದ್ದ ಹಳೆಯ ವಿಳಾಸಕ್ಕೆ. ನಮಗೆ ಗೊತ್ತಾದಾಗ ಉಳಿದದ್ದು ನಾಲ್ಕು ದಿನ. ಜುಲೈ ತಿಂಗಳು, ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಅಂತೂ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಸಿಎಸ್‌ವಿ ಫೈಲ್ (ಬರೀ ಅಕ್ಷರಗಳ ಪಟ್ಟಿ) ಬಂತು. ನಂಬರ್, ಶೀರ್ಷಿಕೆ, ತಾರೀಖು. ಕಾಮೆಂಟ್ ಇಲ್ಲ, ಫೋಟೋ ಇಲ್ಲ. ಕನ್ನಡದಲ್ಲಿದ್ದ ಶೀರ್ಷಿಕೆಗಳ ಜಾಗದಲ್ಲಿ ಸಾಲು ಸಾಲು ಪ್ರಶ್ನೆ ಚಿಹ್ನೆ! ಪೂರ್ತಿ ಎಕ್ಸ್‌ಪೋರ್ಟ್ ದುಡ್ಡು ಕಟ್ಟಿದವರಿಗೆ ಮಾತ್ರವಂತೆ. ಫೋನ್ ಹಾಟ್‌ಸ್ಪಾಟ್ ಹಿಡಿದುಕೊಂಡು ಒಂದೊಂದೇ ಪುಟ ತೆರೆದು ಕಾಪಿ ಮಾಡಿದೆವು. 380ರಲ್ಲಿ ಅರವತ್ತು ಚಿಲ್ಲರೆ ಉಳಿದವು. ಬಾಕಿ ಇದ್ದ ಬಗ್‌ಗಳನ್ನೇ ಮೊದಲು ತೆಗೆದುಕೊಂಡೆವು, ಮುಗಿದದ್ದು ಯಾಕೆ ಬೇಕು ಅಂತ. 212 ಮುಗಿದದ್ದು.

ಮುಂದಿನ ವರ್ಷ ಹಾಸನದ ಒಬ್ಬ ವಿದ್ಯಾರ್ಥಿ ಸೇರಿಕೊಂಡ. ಚುರುಕು ಹುಡುಗ. ಮಳೆಗೆ ಎರಡು ಖಾನೆ ಯಾಕೆ ಅಂತ ನೋಡಿದ, ಕಮಿಟ್‌ನಲ್ಲಿ 212 ಅಂತಿತ್ತು, ಲಿಂಕ್ ಒತ್ತಿದರೆ ಪುಟವೇ ಇಲ್ಲ. ಒಂದೇ ಖಾನೆ ಮಾಡಿ ಕಳಿಸಿದ. ಕೋಡ್ ನೀಟಾಗಿತ್ತು, ನಾನೇ ಒಪ್ಪಿದೆ. ಮಾರ್ಚ್‌ನಲ್ಲಿ ಗೌಡರ ಫೋನು. "ಏನಪ್ಪ, ವಾಸಿಯಾದ ಕಾಯಿಲೆ ಮತ್ತೆ ಬಂತಲ್ಲ?"

ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಕ್ಲೋನ್, ಅಂದರೆ ನಕಲು, ಮಾಡಿದರೆ ಕೋಡ್‌ನ ಇಡೀ ಇತಿಹಾಸ ನಮ್ಮ ಕಂಪ್ಯೂಟರ್‌ಗೆ ಬರುತ್ತದೆ. ಬಗ್‌ಗಳು ಬರುವುದಿಲ್ಲ, ಅವು ಟ್ರ್ಯಾಕರ್‌ನವರ ಡೇಟಾಬೇಸ್‌ನಲ್ಲೇ ಇರುತ್ತವೆ. ಇದು ನಮಗೆ ಹೊಳೆಯಲೇ ಇಲ್ಲ. ತಮಾಷೆ ನೋಡಿ, ಗಿಟ್ ಹುಟ್ಟಿದ್ದೇ 2005ರಲ್ಲಿ ಲಿನಕ್ಸ್ ಕರ್ನಲ್ ಬರೆಯುವವರಿಗೆ ಇದೇ ಕೆಲಸದ ಬಿಟ್‌ಕೀಪರ್ ಅನ್ನುವ ಕಂಪನಿ ಸಾಫ್ಟ್‌ವೇರ್‌ನ ಬಿಟ್ಟಿ ಬಳಕೆ ನಿಂತುಹೋದಾಗ. ಅದೇ ಗಿಟ್ ದಿನಾ ಬಳಸುತ್ತಾ ನಾವು ಇನ್ನೊಂದು ಬಿಟ್ಟಿಗೆ ಬಿದ್ದೆವು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರು 2022ರಲ್ಲಿ ಹಳೆಯ ಟ್ರ್ಯಾಕರ್ ಬಿಟ್ಟು ಗಿಟ್‌ಹಬ್‌ಗೆ ಹೋದಾಗ ಹಳೆಯದನ್ನು ಓದಲು ಹಾಗೆಯೇ ಉಳಿಸಿಕೊಂಡರು. ಅದು ಅವರ ಕೈಯಲ್ಲೇ ಇತ್ತಲ್ಲ.

ಸಿಟ್ಟಿಗೆ ಮ್ಯಾಂಟಿಸ್ ತಂದು ಮನೆಯ ಹಳೆಯ ಕಂಪ್ಯೂಟರ್‌ಗೂ ಹಾಕಿದ್ದೆ. ಎರಡು ತಿಂಗಳಿಗೆ ಸಿಡಿಲಿಗೆ ಸುಟ್ಟುಹೋಯಿತು. ಮ್ಯಾಂಟಿಸ್‌ನ ತಪ್ಪೇನಿಲ್ಲ.

ಈಗ ಆ ಸಾದಾ ಇಶ್ಯೂಸ್‌ನಲ್ಲೇ ಇದ್ದೇವೆ. ಪ್ರತಿ ಭಾನುವಾರ ಒಂದು ಸ್ಕ್ರಿಪ್ಟ್ ಎಲ್ಲ ಬಗ್, ಎಲ್ಲ ಕಾಮೆಂಟ್ ಎಳೆದುಕೊಂಡು ಬೇರೊಂದು ರೆಪೊಗೆ (ಗಿಟ್‌ನ ಕಡತ ಸಂಗ್ರಹ) ಹಾಕುತ್ತದೆ. ಫೋಟೋಗಳಿಗೆ ಬರೀ ಲಿಂಕ್ ಬರುತ್ತದೆ, ಫೈಲ್ ಬೇರೆಯಾಗಿ ಇಳಿಸಿಕೊಳ್ಳಬೇಕು, ಮರೆಯಬೇಡಿ. ಅಡ್ಮಿನ್ ಇಬ್ಬರು. ಕಮಿಟ್‌ನಲ್ಲಿ ನಂಬರ್ ಜೊತೆ ಕಾರಣವನ್ನೂ ಎರಡು ಸಾಲು ಬರೆಯುತ್ತೇವೆ. ನೀವು ಯಾವ ಟ್ರ್ಯಾಕರ್ ಆರಿಸಿದರೂ, ಮೊದಲ ದಿನವೇ ಸುಮ್ನೆ ಐದು ಬಗ್ ಹಾಕಿ. ಕನ್ನಡದಲ್ಲಿ ಬರೆಯಿರಿ, ಫೋಟೋ ಸೇರಿಸಿ, ಕಾಮೆಂಟ್ ಹಾಕಿ, ಎರಡನ್ನು ಮುಗಿಸಿ. ಆಮೇಲೆ ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನು ಇನ್ನೊಂದು ಟ್ರ್ಯಾಕರ್‌ಗೆ ತುಂಬಿ ನೋಡಿ. ಒಂದು ಮಧ್ಯಾಹ್ನದ ಕೆಲಸ.

ಗೌಡರ ಬಗ್‌ಗೆ ಈಗ ಹೊಸ ನಂಬರ್, 31. ಡೈರಿಯ ಫೋಟೋ ಮತ್ತೊಮ್ಮೆ ಕಳಿಸಿ ಅಂತ ಅವರನ್ನು ಕೇಳುವ ಧೈರ್ಯ ನಮ್ಮಲ್ಲಿ ಇನ್ನೂ ಯಾರಿಗೂ ಬಂದಿಲ್ಲ.