ಆರು ಗಿಡ, 340 ರೂಪಾಯಿ, ಬಿಲ್ ಇಲ್ಲ

ಜೂನ್ ಮೊದಲ ವಾರ ಈ ನರ್ಸರಿಯಿಂದ ಆರು ಗಿಡ ತಂದೆ. ಒಂದೆಲಗ 40, ದೊಡ್ಡಪತ್ರೆ 30, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) 50, ಕರಿಬೇವು 60, ಕಾಮಕಸ್ತೂರಿ 40, ರೋಸ್‌ಮೇರಿ 120. ಒಟ್ಟು 340 ರೂಪಾಯಿ. ಈಗ ಜನವರಿ. ಒಂದು ಸತ್ತಿದೆ, ಒಂದು ಬೇರೆಯವರ ಹೆಸರು ಹೇಳಿಕೊಂಡು ಮನೆಗೆ ಬಂದಿತ್ತು, ಉಳಿದ ನಾಲ್ಕು ಚೆನ್ನಾಗಿ ಬಂದವು. ಗಿಡ ತಂದ ಮರುದಿನವೇ ಐದು ನಕ್ಷತ್ರ ಕೊಟ್ಟು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ. ಗಿಡದ ಅಂಗಡಿಯ ಬಗ್ಗೆ ಮಾತನಾಡಬೇಕಾದರೆ ಒಂದು ಮಳೆಗಾಲವಾದರೂ ಕಳೆದಿರಬೇಕು.

ನರ್ಸರಿ ಇರುವುದು ಲಾಲ್‌ಬಾಗಿನ ಪಕ್ಕದ ಸಿದ್ಧಾಪುರದಲ್ಲಿ, ಸಾಲಾಗಿ ನರ್ಸರಿಗಳಿರುವ ಕಡೆ. ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ಕೈಹಾಕಿದ. ಆ ಸುತ್ತಿನಲ್ಲಿ ಇಂದಿಗೂ ಗಿಡದ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ನಾನು ಹೋಗುವ ನರ್ಸರಿಯ ಬೋರ್ಡಿನ ಬಣ್ಣ ಉದುರಿ ‘ನರ್ಸರಿ’ ಎಂಬುದಷ್ಟೇ ಉಳಿದಿದೆ. ಪೂರ್ತಿ ಹೆಸರು ಬರೆದು ಯಾರ ಹೊಟ್ಟೆಯ ಮೇಲೂ ಹೊಡೆಯುವ ಇಚ್ಛೆ ನನಗಿಲ್ಲ, ಏಕೆಂದರೆ ದೂರುಗಳೂ ಇವೆ.

ನನ್ನನ್ನು ಅಲ್ಲಿಗೆ ಅಟ್ಟಿದ್ದು ಒಂದು ಕಹಿ ತಂಬುಳಿ. ಮೇ ತಿಂಗಳಲ್ಲಿ ಮೊಬೈಲಿನಲ್ಲಿ ‘ಬ್ರಾಹ್ಮಿ’ ಎಂದು ಹುಡುಕಿ, 199 ರೂಪಾಯಿ ಕೊಟ್ಟು ಗಿಡ ತರಿಸಿದ್ದೆ. ಒಂದೆಲಗಕ್ಕೆ ಬ್ರಾಹ್ಮಿ ಎನ್ನುವವರು ನಮ್ಮ ಸಾಗರದ ಕಡೆಯೂ ಇದ್ದಾರೆ, ಹಾಗಾಗಿ ಅನುಮಾನ ಬರಲಿಲ್ಲ. ಬಂದ ಗಿಡದ ಎಲೆ ಪುಟ್ಟದು, ದಪ್ಪ, ಕಡ್ಡಿಯ ಉದ್ದಕ್ಕೂ ಎದುರುಬದುರಾಗಿ ಕೂತಿತ್ತು. ಪಟ್ಟಣದ ಗಿಡ, ಬಡಕಲಾಗಿರಬೇಕು ಎಂದುಕೊಂಡು ಹಿಡಿಯಷ್ಟು ಕಿತ್ತು ತಂಬುಳಿ ಮಾಡಿದೆ. ನಮ್ಮ ಯಜಮಾನರು ಒಂದು ತುತ್ತು ಬಾಯಿಗಿಟ್ಟು, “ಕಷಾಯವನ್ನು ಅನ್ನಕ್ಕೇಕೆ ಹಾಕಿದೆ?” ಎಂದರು. ಅಮ್ಮನಿಗೆ ಫೋನ್ ಮಾಡಿದೆ.

“ಒಂದು ತೊಟ್ಟಿಗೆ ಒಂದೇ ಎಲೆ ಇದೆಯೇನೇ?”

“ಇಲ್ಲ, ಕಡ್ಡಿ ತುಂಬಾ ಇದೆ.”

“ಮತ್ತೆ ಅದು ಒಂದೆಲಗ ಹೇಗಾಗುತ್ತದೆ ಮಾರಾಯ್ತಿ!”

ನನಗೆ ಬಂದದ್ದು ನೀರುಬ್ರಾಹ್ಮಿ. ಮಾರಿದವರು ಸುಳ್ಳು ಹೇಳಿದರು ಎನ್ನುವಂತೆಯೂ ಇಲ್ಲ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಅದೇ. ಸಂಸ್ಕೃತದಲ್ಲಿ ನಮ್ಮ ಒಂದೆಲಗಕ್ಕೆ ಮಂಡೂಕಪರ್ಣಿ ಎಂದು ಬೇರೆ ಹೆಸರೇ ಇದೆ. ಎರಡೂ ಕೆಸರು ಇಷ್ಟಪಡುವ ಗಿಡಗಳು, ಹೆಸರಿನಲ್ಲಿ ಮಾತ್ರ ಒಂದರ ಮೇಲೊಂದು ಬಿದ್ದಿವೆ. ಅಂದೇ ತೀರ್ಮಾನಿಸಿದೆ: ಇನ್ನು ಮೇಲೆ ಎಲೆ ಮುಟ್ಟಿ ಮೂಸದೆ ಗಿಡಕ್ಕೆ ದುಡ್ಡು ಕೊಡುವುದಿಲ್ಲ.

ಈ ನರ್ಸರಿಯ ನಿಜವಾದ ಬೆಲೆ ಇರುವುದು ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನಲ್ಲಿ. ತಲೆಗೆ ಟವೆಲ್ ಸುತ್ತಿಕೊಂಡು ಹಿಂಭಾಗದ ಹಸಿರು ನೆರಳುಬಲೆಯ ಕೆಳಗೆ ಕೂತಿರುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಆದರೂ ನನಗೇ ಅಕ್ಕ ಎನ್ನುತ್ತಾರೆ. ಗಿಡ ಕೇಳಿದರೆ ಗಿಡ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. “ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಕ್ಕಾ? ಬೆಳಗಿನದೋ ಸಂಜೆಯದೋ?” ನಮ್ಮದು ಬಾಡಿಗೆ ಮನೆಯ ತಾರಸಿ; ಪೂರ್ವದ ಗೋಡೆಯ ಬಳಿ ಹತ್ತು ಗಂಟೆಯವರೆಗೆ ಬಿಸಿಲು, ನೀರಿನ ಟ್ಯಾಂಕಿನ ಪಕ್ಕ ಸದಾ ನೆರಳು. ಕೆಳಗಿನ ಮನೆಯವರ ಬಟ್ಟೆಯ ಮೇಲೆ ಒಂದು ಹನಿಯೂ ಬೀಳಬಾರದೆಂಬುದು ಮನೆ ಮಾಲೀಕರ ಕರಾರು. ಎಲ್ಲವನ್ನೂ ಕೇಳಿಸಿಕೊಂಡು, ಒಂದೆಲಗವನ್ನು ಕುಂಡದಲ್ಲಿ ಬೇಡ, ತೂತಿಲ್ಲದ ಹಳೆಯ ಟಬ್ಬಿನಲ್ಲಿ ಹಾಕಿ, ಮೇಲಿನಿಂದ ನಾಲ್ಕು ಬೆರಳು ಕೆಳಗೆ ಪಕ್ಕದಲ್ಲಿ ಒಂದೇ ತೂತು ಕೊರೆಯಿರಿ ಎಂದರು. ಮಣ್ಣು ಸದಾ ಒದ್ದೆ, ಹೆಚ್ಚಾದ ನೀರಿಗೆ ಹೊರದಾರಿ. ಟ್ಯಾಂಕಿನ ನೆರಳಿನಲ್ಲಿ ಆ ಟಬ್ ಈಗ ತುಂಬಿ, ಬಳ್ಳಿ ಅಂಚಿನಿಂದ ಹೊರಗೆ ಇಳಿಬಿದ್ದಿದೆ. ಗೆಣ್ಣು ಗೆಣ್ಣಿಗೂ ಬೇರು.

ವಾರಕ್ಕೊಮ್ಮೆ ಅದರಿಂದ ಮೂರು ಜನಕ್ಕಾಗುವಷ್ಟು ತಂಬುಳಿ. ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಎರಡು ಚಮಚ ತೆಂಗಿನತುರಿ. ಹಸಿಯಾಗಿಯೇ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ. ಕುದಿಸುವ ಮಾತೇ ಇಲ್ಲ. ದೊಡ್ಡಪತ್ರೆಯದಾದರೆ ಎಲೆಯನ್ನು ಮೊದಲು ತುಪ್ಪದಲ್ಲಿ ಬಾಡಿಸಲೇಬೇಕು. ಹಸಿಯಾಗಿ ರುಬ್ಬಿದರೆ ಅದರ ಘಾಟು ಮಜ್ಜಿಗೆಯನ್ನೇ ನುಂಗುತ್ತದೆ. ದೊಡ್ಡಪತ್ರೆಗೆ 30 ರೂಪಾಯಿ ಕೊಟ್ಟದ್ದು ಮಾತ್ರ ನನ್ನ ದಡ್ಡತನ. ಯಾರ ಮನೆಯ ಕಾಂಪೌಂಡಿನಿಂದಾದರೂ ಒಂದು ಕಡ್ಡಿ ಮುರಿದು ತಂದು ಚುಚ್ಚಿದರೆ ಹದಿನೈದು ದಿನದಲ್ಲಿ ಚಿಗುರುತ್ತದೆ. ಪುದೀನವೂ ಅಷ್ಟೇ, ಮಾರುಕಟ್ಟೆಯ ಕಟ್ಟಿನ ಗಟ್ಟಿ ಕಡ್ಡಿಗಳನ್ನು ಲೋಟದ ನೀರಿನಲ್ಲಿಟ್ಟರೆ ಬೇರು ಬಿಡುತ್ತದೆ. ಅದನ್ನು 50 ರೂಪಾಯಿಗೆ ಮಾರುವುದನ್ನು ಅಲ್ಲಿಯೇ ನೋಡಿದೆ.

ಈಗ ದೂರುಗಳಿಗೆ ಬರುತ್ತೇನೆ. ಮಜ್ಜಿಗೆ ಹುಲ್ಲು ಎಂದು ಕೊಟ್ಟದ್ದು ಮಜ್ಜಿಗೆ ಹುಲ್ಲಲ್ಲ. ಅದನ್ನು ಕೇಳುವ ಹೊತ್ತಿಗೆ ಆ ಹೆಂಗಸು ಊಟಕ್ಕೆ ಹೋಗಿದ್ದರು, ಒಬ್ಬ ಹುಡುಗ ಎತ್ತಿಕೊಟ್ಟ. ಎಲೆ ಹಿಸುಕಿದರೆ ನಿಂಬೆಯ ವಾಸನೆ ಬಂತು, ನನಗಷ್ಟು ಸಾಕಾಯಿತು. ಮನೆಯಲ್ಲಿ ಬೆಣ್ಣೆ ಕಾಯಿಸುವಾಗ ಎರಡು ಗರಿ ಗಂಟು ಕಟ್ಟಿ ಹಾಕಿದೆ. ತುಪ್ಪಕ್ಕೆ ಸೊಳ್ಳೆ ಓಡಿಸುವ ಎಣ್ಣೆಯ ವಾಸನೆ! ಅರ್ಧ ಲೀಟರ್ ತುಪ್ಪ ದೀಪಕ್ಕೆ ಹೋಯಿತು. ಒಂದು ದಂಟನ್ನು ಪೇಪರಿನಲ್ಲಿ ಸುತ್ತಿಕೊಂಡು ನರ್ಸರಿಗೆ ಹೋದೆ. ಆ ಹೆಂಗಸು ಮೂಸಿಯೂ ನೋಡಲಿಲ್ಲ. ಬುಡ ತಿರುಗಿಸಿ ತೋರಿಸಿದರು: ನೇರಳೆ ಬೆರೆತ ಕೆಂಪು. “ಇದು ಸಿಟ್ರೊನೆಲ್ಲಾ ಅಕ್ಕಾ, ಎಣ್ಣೆ ತೆಗೆಯುವುದು. ತಿನ್ನುವ ಹುಲ್ಲಿನ ಬುಡ ಬೆಳ್ಳಗೆ, ಹಸಿರಾಗಿ ಇರುತ್ತದೆ.” ಪಕ್ಕದ ಗುಂಪಿನಿಂದ ಸರಿಯಾದದ್ದನ್ನು ತೆಗೆದುಕೊಟ್ಟರು. ಗಲ್ಲಾದಲ್ಲಿದ್ದ ಮಾಲೀಕರು, “ಬಿಲ್ ಎಲ್ಲಿ?” ಎಂದರು. ಕೊಟ್ಟಿದ್ದರೆ ತಾನೇ ಇರುವುದು! ನಾಲ್ಕು ಮಾತಾದ ಮೇಲೆ ಬದಲಿಗೆ ಒಪ್ಪಿದರು, ಮುಖ ಮಾತ್ರ ಊದಿಸಿಕೊಂಡೇ ಇದ್ದರು.

ರೋಸ್‌ಮೇರಿ ಸತ್ತದ್ದರಲ್ಲಿ ಅರ್ಧ ಪಾಲು ನನ್ನದು. “ಇದಕ್ಕೆ ನೀರು ಕುಡಿಸಬೇಡಿ, ಬಾಯಿ ಒದ್ದೆ ಮಾಡಿದರೆ ಸಾಕು” ಎಂದು ಹೇಳಿಯೇ ಕೊಟ್ಟಿದ್ದರು. ನಾನು ಕೇಳಿದೆ, ಜುಲೈ ತಿಂಗಳ ಜಿಟಿಜಿಟಿ ಮಳೆ ಕೇಳಲಿಲ್ಲ. ಸೂರಿನಡಿಗೆ ಸರಿಸುವಷ್ಟರಲ್ಲಿ ಬುಡದಿಂದ ಕಪ್ಪಾಗುತ್ತಾ ಬಂದಿತ್ತು. ಉಳಿದರ್ಧ ನರ್ಸರಿಯದು. ಕಿತ್ತು ನೋಡಿದರೆ ಕವರಿನ ಆಕಾರದಲ್ಲೇ ಜಿಗಟು ಕೆಂಪುಮಣ್ಣಿನ ಮುದ್ದೆ, ಒಂದು ಬೇರೂ ಅದರಿಂದ ಹೊರಗೆ ಬಂದಿರಲಿಲ್ಲ. ಮರಳು ಬೆರೆತ, ನೀರು ನಿಲ್ಲದ ಮಣ್ಣು ಬೇಕಾದ ಗಿಡವನ್ನು ಇಟ್ಟಿಗೆ ಮಣ್ಣಿನಲ್ಲಿ ಕೂರಿಸಿ 120 ರೂಪಾಯಿ ತೆಗೆದುಕೊಳ್ಳುವುದು ನ್ಯಾಯವಲ್ಲ.

ಮಾಲೀಕರ ಮೇಲೆ ನನಗಿರುವ ದೊಡ್ಡ ಸಿಟ್ಟು ಇದಲ್ಲ. ಮುಂಭಾಗದಲ್ಲಿ ಔಷಧಿ ಗಿಡಗಳ ಸಾಲಿಗೆ ಒಂದೊಂದು ಫಲಕ ಚುಚ್ಚಿದ್ದಾರೆ. ‘ಇನ್ಸುಲಿನ್ ಗಿಡ: ದಿನಕ್ಕೊಂದು ಎಲೆ, ಸಕ್ಕರೆ ಕಾಯಿಲೆ ಮಾಯ.’ ನನ್ನೆದುರಿಗೇ ಒಬ್ಬ ಗಿರಾಕಿಗೆ, ಮಾತ್ರೆ ಯಾಕೆ ನುಂಗುತ್ತೀರಿ ಎಂದು ಬೇರೆ ಕೇಳಿದರು. ನಮ್ಮ ಮನೆಯಲ್ಲಿಯೂ ಸಕ್ಕರೆ ಕಾಯಿಲೆ ಇದೆ, ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಗಿಡ ಮಾರಲಿ, ವೈದ್ಯರಾಗುವುದು ಬೇಡ.

ಇನ್ನೊಂದು ತಮಾಷೆ. ಗಲ್ಲಾದ ಪಕ್ಕ ಬಿಳಿ ಕುಂಡದಲ್ಲಿ ‘ಇಟಾಲಿಯನ್ ಬೇಸಿಲ್’, 150 ರೂಪಾಯಿ. ಹಿಂದೆ ನೆಲದ ಮೇಲೆ ಕಪ್ಪು ಕವರಿನಲ್ಲಿ ಕಾಮಕಸ್ತೂರಿ, 40. ಎರಡೂ ಒಂದೇ ಜಾತಿ, ತಳಿ ಮಾತ್ರ ಬೇರೆ. ಮಗಳ ಪಾಸ್ತಾಗೆ ಕಾಮಕಸ್ತೂರಿಯನ್ನೇ ಹಾಕಿದೆ, ಸ್ವಲ್ಪ ಲವಂಗದ ಘಮ ಹೆಚ್ಚಾಯಿತು ಎಂದಳು, ತಟ್ಟೆಯನ್ನೇನೂ ಉಳಿಸಲಿಲ್ಲ. ಗಿಡ ಡಿಸೆಂಬರಿನಲ್ಲಿ ತೆನೆ ಒಣಗಿ ಮುಗಿಯಿತು. ಅದರ ಮಕ್ಕಳು ಪಕ್ಕದ ಕುಂಡಗಳಲ್ಲೆಲ್ಲ ಹುಟ್ಟಿವೆ. ಒಂದು ಡಬ್ಬಿ ಬೀಜವನ್ನು ಬೇಸಿಗೆಯ ಪಾನಕಕ್ಕೆ ಎತ್ತಿಟ್ಟಿದ್ದೇನೆ.

ಕರಿಬೇವಿಗೆ ಪೂರ್ತಿ ಅಂಕ. ಒಂದೇ ಕವರಿನಲ್ಲಿ ಮೂರು ಸಸಿ ಇದ್ದವು. ಮೂರು ತಿಂಗಳು ಗೊಂಬೆಯಂತೆ ನಿಂತಲ್ಲೇ ನಿಂತಿದ್ದವು, ತುದಿ ಚಿವುಟಿದ ಮೇಲೆ ಕವಲೊಡೆದವು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಕಂಡಿತು. ಒರೆಸಲು ಹೋದರೆ ಹಿಕ್ಕೆ ನಡೆಯಿತು! ಎರಡು ದಿನ ಬಿಟ್ಟು ನೋಡಿದರೆ ಅದೇ ಹುಳ ದಪ್ಪವಾಗಿ ಎಲೆಯದೇ ಹಸಿರು ಬಣ್ಣಕ್ಕೆ ತಿರುಗಿತ್ತು. ಕಡ್ಡಿಯಿಂದ ಮುಟ್ಟಿದಾಗ ತಲೆಯ ಹಿಂದಿನಿಂದ ಎರಡು ಕೆಂಪು ಕೊಂಬು ಹೊರಚಾಚಿ ಘಾಟು ವಾಸನೆ ಬಿಟ್ಟಿತು. ಫೋಟೋ ತೋರಿಸಿದ್ದಕ್ಕೆ ಮಾಲೀಕರು 180 ರೂಪಾಯಿಯ ಔಷಧಿ ಬಾಟಲಿ ಮುಂದಿಟ್ಟರು. ಹೆಂಗಸು ಹಿಂದಿನಿಂದ, “ಒಗ್ಗರಣೆಗೆ ಹಾಕುವ ಎಲೆಗೆ ವಿಷ ಹೊಡೆಯುತ್ತೀರಾ? ಚಿಟ್ಟೆ ಹುಳ, ಕೈಯಲ್ಲಿ ಆರಿಸಿ” ಎಂದರು. ನಾಲ್ಕನ್ನು ಆರಿಸಿ ತೆಗೆದೆ, ಒಂದನ್ನು ಬಿಟ್ಟೆ. ಆ ಒಂದು ಒಂದಿಡೀ ಕವಲನ್ನು ಬೋಳಿಸಿತು.

ಹೋಗುವುದಾದರೆ ವಾರದ ದಿನ, ಬೆಳಿಗ್ಗೆ ಹತ್ತರೊಳಗೆ ಹೋಗಿ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಆ ಕಡೆ ಕಾಲಿಡಲೂ ಜಾಗವಿರುವುದಿಲ್ಲ. ಟವೆಲ್ ಸುತ್ತಿಕೊಂಡವರು ಇದ್ದಾರೆಯೇ ನೋಡಿ, ಇಲ್ಲದಿದ್ದರೆ ಇನ್ನೊಂದು ದಿನ ಬನ್ನಿ. ಕೊತ್ತಂಬರಿಯ ಸಸಿ ಕೊಳ್ಳಬೇಡಿ, ಕಿತ್ತು ನೆಟ್ಟರೆ ಅದು ಮುನಿಸಿಕೊಳ್ಳುತ್ತದೆ. ಅಂಗಡಿಯ ಧನಿಯವನ್ನೇ ಎರಡು ಹೋಳಾಗುವಂತೆ ಉಜ್ಜಿ ಬಿತ್ತಿ. ಗೊಬ್ಬರದ ಚೀಲವನ್ನು ಬೇರೆ ಕಡೆ ವಿಚಾರಿಸಿ, ಇಲ್ಲಿ ದುಬಾರಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಮೂರು ಆ ಹೆಂಗಸಿಗೆ.

ಹೋದ ವಾರ ಮತ್ತೆ ಹೋಗಿದ್ದೆ. ಮಳೆಗೆ ನಮ್ಮ ಒಂದೆಲಗವೆಲ್ಲ ಕೊಳೆತುಹೋಯಿತು, ನಿಮ್ಮಲ್ಲಿದ್ದರೆ ಸ್ವಲ್ಪ ತನ್ನಿ ಎಂದು ಅವರೇ ಹೇಳಿದ್ದರು. ಒಂದು ಕವರ್ ತುಂಬಾ ಬಳ್ಳಿ ಒಯ್ದು ಕೊಟ್ಟೆ. ಬದಲಿಗೆ ಒಂದು ಮರುಗದ ಗಿಡ ಕೊಟ್ಟರು. ಅದಕ್ಕೂ ಮಾಲೀಕರು ಬಿಲ್ ಕೊಡಲಿಲ್ಲ.