ಹೊಸ ಕಾಂಕ್ರೀಟಿಗೆ ಸೀಲರ್ ಹೊಡೆಸೋಕೆ ಆತುರ ಬೇಡ

‘ಸೀಲರ್ ಹೊಡೆದುಬಿಟ್ರೆ ಸಾಕು, ಕ್ಯೂರಿಂಗ್ ತಲೆನೋವೇ ಇರಲ್ಲ.’ ಸೀಲರ್ ಅಂದರೆ ಕಾಂಕ್ರೀಟಿನ ಮೇಲೆ ಬಳಿಯುವ ರಕ್ಷಣೆಯ ಲೇಪ, ಕ್ಯೂರಿಂಗ್ ಅಂದರೆ ಹೊಸ ಕಾಂಕ್ರೀಟನ್ನು ಕೆಲವು ದಿನ ಒದ್ದೆಯಾಗಿಡೋದು. ನಿಮ್ಮ ಗುತ್ತಿಗೆದಾರ ಹೀಗಂದರೆ ಡಬ್ಬದ ಮುಚ್ಚಳ ತೆಗೆಯೋಕೂ ಬಿಡಬೇಡಿ. ಗೇಟಿನಿಂದ ಬಾಗಿಲವರೆಗೆ ನಾವು ಹಾಕಿಸಿದ ಹೊಸ ದಾರಿ ಕೆಟ್ಟಿದ್ದು ಈ ಮಾತಿನಿಂದಲೇ.

ಕಾಂಕ್ರೀಟ್ ಹಾಕಿದ ದಿನ ಬಿಸಿಲೂ ಇತ್ತು, ಗಾಳಿಯೂ ಇತ್ತು. ಮೇಲೆ ಜಿನುಗಿದ ನೀರು ಇನ್ನೂ ಆರಿರಲಿಲ್ಲ. ಅದರ ಮೇಲೇ ಒಣ ಸಿಮೆಂಟ್ ಉದುರಿಸಿ ಕರಣೆಯಿಂದ ನುಣ್ಣಗೆ ಎಳೆದರು. ಆಮೇಲೆ ಒಂದು ಚೆಂಬು ನೀರೂ ಬೀಳಲಿಲ್ಲ. ಮರುದಿನ ಸುಡುವ ಮಧ್ಯಾಹ್ನ ರೋಲರ್ ಹಿಡಿದು ಅಕ್ರಿಲಿಕ್ ಸೀಲರನ್ನು ದಪ್ಪಗೆ ಎರಡು ಕೋಟ್ ಬಳಿದರು. ಸಂಜೆ ಹೊತ್ತಿಗೆ ಫಳಫಳ ಹೊಳೀತಿತ್ತು. ದುಡ್ಡು ಎಣಿಸಿಕೊಂಡು ಹೋದರು.

ಮೊದಲು ಕಂಡಿದ್ದು ಗುಳ್ಳೆಗಳು, ಸಾಸಿವೆ ಕಾಳಿನಷ್ಟು. ಮಳೆ ಬಂದ ಮೇಲೆ ಅಲ್ಲಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಅಂಚಿನಲ್ಲಿ ಉಗುರು ಹಾಕಿದರೆ ಪದರ ತೆಳ್ಳಗೆ ಎದ್ದು ಬರುತ್ತಿತ್ತು, ಅದರ ಬೆನ್ನಿಗೆ ಬೂದಿ ಬಣ್ಣದ ಪುಡಿ ಅಂಟಿಕೊಂಡೇ ಇರುತ್ತಿತ್ತು. ಆ ಪುಡಿ ನೋಡಿದಾಗಲೇ ಗೊತ್ತಾಗಿದ್ದು, ಕೆಟ್ಟಿರೋದು ಸೀಲರ್ ಮಾತ್ರ ಅಲ್ಲ, ಕಾಂಕ್ರೀಟಿನ ಮೈಯೇ ಅಂತ.

ಕಾಂಕ್ರೀಟ್ ಗಟ್ಟಿಯಾಗೋದು ಒಣಗೋದರಿಂದ ಅಲ್ಲ. ಸಿಮೆಂಟೂ ನೀರೂ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಮೇಲಿನ ನೀರು ಬೇಗ ಆರಿಹೋದರೆ ಅಲ್ಲಿ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಮೈ ಪುಡಿಪುಡಿಯಾಗುತ್ತದೆ. ಅದಕ್ಕೇ ಕನಿಷ್ಠ 7 ದಿನ ಒದ್ದೆಯಾಗಿಡಬೇಕು. ಹಾರುಬೂದಿ ಬೆರೆತ ಸಿಮೆಂಟಾದರೆ ಇನ್ನೂ ಜಾಸ್ತಿ ದಿನ. ಪಾತಿ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಒದ್ದೆ ಗೋಣಿಚೀಲ ಹೊದಿಸಿ. ಬೆಳಿಗ್ಗೆ ಒಂದು ಸಲ ಪೈಪ್ ಹಿಡಿದು, ಮಧ್ಯಾಹ್ನ ಒಣಗೋಕೆ ಬಿಟ್ಟರೆ ಅದು ಕ್ಯೂರಿಂಗ್ ಅಲ್ಲ.

ಸೀಲರಿನ ಕೆಲಸ ಬೇರೆ. ಹೊರಗಿನ ನೀರು, ಎಣ್ಣೆ, ಕೊಳೆ ಒಳಗೆ ಇಳಿಯದಂತೆ ತಡೆಯೋದು. ಹಸಿ ಕಾಂಕ್ರೀಟಿನ ಮೇಲೆ ಪದರ ಕಟ್ಟುವ ಸೀಲರ್ ಬಳಿದರೆ ಒಳಗಿನ ತೇವ ಮೇಲೆ ಬರೋಕಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಳಿ ಕಲೆಗೂ ಸಿಪ್ಪೆ ಏಳೋದಕ್ಕೂ ಅದೇ ಕಾರಣ. ಗುಳ್ಳೆ ಬಂದದ್ದು ಬಿಸಿಲಿಗೆ: ಮೇಲ್ಗಡೆ ಬೇಗ ಒಣಗಿ, ಒಳಗಿನ ಆವಿ, ಗಾಳಿ ಹೊರಗೆ ಬರೋಕೆ ದಾರಿ ಇರಲಿಲ್ಲ. ಕ್ಯೂರಿಂಗೂ ಸೀಲಿಂಗೂ ಒಟ್ಟಿಗೇ ಮಾಡುವ ಡಬ್ಬಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಹಾಗಂತ ಡಬ್ಬದ ಮೇಲೆ ಬರೆದಿರಬೇಕು. ನಮ್ಮದರ ಮೇಲೆ ‘28 ದಿನ ಕಳೆದ ಕಾಂಕ್ರೀಟಿಗೆ ಮಾತ್ರ’ ಅಂತ ಇತ್ತು. ಖಾಲಿ ಡಬ್ಬ ಎಸೆಯದೆ ಇಟ್ಟುಕೊಳ್ಳಿ, ವಾದಕ್ಕೆ ಬೇಕಾಗುತ್ತದೆ.

28 ದಿನ ಆದ ಮೇಲೂ ಸುಮ್ನೆ ನಂಬಬೇಡಿ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, 16 ಗಂಟೆ ಬಿಡಿ. ತೆಗೆದಾಗ ಕೆಳಗೆ ನೀರಿನ ಹನಿ ಕಂಡರೆ, ಅಥವಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ, ಇನ್ನೂ ತೇವ ಇದೆ ಅಂತಲೇ ಅರ್ಥ.

ದೂರು ಹೇಳಿದಾಗ ನಮ್ಮ ಗುತ್ತಿಗೆದಾರರ ಉತ್ತರ ಏನು ಗೊತ್ತಾ? ‘ಇನ್ನೊಂದು ಕೋಟ್ ಹೊಡೀತೀನಿ, ಎಲ್ಲ ಮುಚ್ಚಿಹೋಗುತ್ತೆ.’ ಇದಕ್ಕೆ ಮಾತ್ರ ಒಪ್ಪಲೇಬೇಡಿ. ಸಿಕ್ಕಿಕೊಂಡ ತೇವದ ಮೇಲೆ ಇನ್ನೊಂದು ಮುಚ್ಚಳ ಹಾಕಿದಂತೆ ಅದು. ಕೊನೆಗೆ ಬೇರೆಯವರನ್ನು ಕರೆಸಿ ಪದರವನ್ನೆಲ್ಲ ಕರಗಿಸಿ ಕೆರೆಸಿದೆವು, ಪುಡಿ ಏಳುವ ಮೈಗೆ ಅದನ್ನು ಗಟ್ಟಿ ಮಾಡುವ ಸಿಲಿಕೇಟ್ ದ್ರಾವಣ ಹಾಕಿಸಿದೆವು. ನುಣುಪು ಹೋಯಿತು, ಬಣ್ಣ ಇವತ್ತಿಗೂ ಒಂದೇ ಸಮ ಇಲ್ಲ.

ಮಾತುಕತೆ ಆಗುವಾಗಲೇ ಕ್ಯೂರಿಂಗ್ ಎಷ್ಟು ದಿನ, ನೀರು ಹಾಕೋರು ಯಾರು, ಸೀಲರ್ ಯಾವಾಗ ಅಂತ ಬರೆಸಿಕೊಳ್ಳಿ. ಸೀಲರಿನ ದುಡ್ಡು ಪ್ಲಾಸ್ಟಿಕ್ ಹಾಳೆ ಒಣಗಿ ಬಂದ ಮೇಲೇ ಕೊಡಿ.