ಇಂಕಾ ಟ್ರೇಲೋ, ಚೊಕೆಕಿರಾವೊನೋ?

ಪೆರುವಿನ ಕುಸ್ಕೊದಿಂದ ನಾಲ್ಕೈದು ದಿನ ನಡೆದು ಇಂಕಾ ಸಾಮ್ರಾಜ್ಯದ ಅವಶೇಷ ನೋಡುವ ಆಸೆಯಿದ್ದರೆ ಮುಖ್ಯವಾಗಿ ಎರಡು ದಾರಿಗಳಿವೆ.

ಇಂಕಾ ಟ್ರೇಲ್ ಸುಮಾರು 43 ಕಿ.ಮೀ., ಮುಗಿಯುವುದು ಮಾಚು ಪಿಚುವಿನಲ್ಲಿ. ಗೈಡ್ ಕಡ್ಡಾಯ. ದಿನಕ್ಕೆ 500 ಪರ್ಮಿಟ್. ಅದರಲ್ಲಿ ಗೈಡು, ಹೊರೆಯಾಳುಗಳೂ ಸೇರಿರುವುದರಿಂದ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಫೆಬ್ರವರಿಯಲ್ಲಿ ದಾರಿ ಬಂದ್.

ಇನ್ನೊಂದು ದಾರಿ ಹೋಗುವುದು ಚೊಕೆಕಿರಾವೊ ಎಂಬ ಹಳೆಯ ಇಂಕಾ ಊರಿಗೆ. ಅಲ್ಲಿಗೆ ಈ ತಲೆಬಿಸಿಯಿಲ್ಲ. ಗೈಡ್ ಇಲ್ಲದೆಯೂ ಹೋಗಬಹುದು, ಸಾಮಾನು ಹೊರಲು ಹೇಸರಗತ್ತೆ ಸಿಗುತ್ತದೆ. ಆದರೆ ಸುಲಭ ಅಂದುಕೊಳ್ಳಬೇಡಿ! ಅಪುರಿಮಾಕ್ ನದಿಯವರೆಗೆ ಸುಮಾರು 1,400 ಮೀಟರ್ ಇಳಿದು, ಎದುರಿನ ಬೆಟ್ಟವನ್ನು ಹೆಚ್ಚುಕಡಿಮೆ ಅಷ್ಟೇ ಹತ್ತಬೇಕು. ವಾಪಸಾಗುವುದು ಸಾಮಾನ್ಯವಾಗಿ ಅದೇ ದಾರಿಯಲ್ಲಿ, ಹಾಗಾಗಿ ಮತ್ತೊಮ್ಮೆ ಅದೇ ಶಿಕ್ಷೆ. ನದಿಯ ಬಳಿ ಸುಡುಬಿಸಿಲು, ಕಚ್ಚುವ ನೊಣ. ಅಷ್ಟಾದ ಮೇಲೆ ಸಿಗುವುದು ಇನ್ನೂ ಬಹುಪಾಲು ಕಾಡು ಮುಚ್ಚಿರುವ ಊರು, ಮೆಟ್ಟಿಲು ಹೊಲಗಳ ಗೋಡೆಯಲ್ಲಿ ಬಿಳಿಕಲ್ಲಿನ ಲಾಮಾಗಳು, ಬೆರಳೆಣಿಕೆಯ ಜನ.

ಮಂಡಿನೋವಿದ್ದರೆ ಚೊಕೆಕಿರಾವೊ ಬೇಡ. ಎತ್ತರಕ್ಕೆ ತಲೆ ಸುತ್ತುವವರಿಗೆ ಇಂಕಾ ಟ್ರೇಲಿನಲ್ಲಿ 4,215 ಮೀಟರ್ ಎತ್ತರದ ಬೆಟ್ಟದ ಕಣಿವೆದಾರಿ (ಪಾಸ್) ದಾಟುವುದು ಕಷ್ಟ. ಚೊಕೆಕಿರಾವೊ ಕುಸ್ಕೊಗಿಂತಲೂ ತಗ್ಗಿನಲ್ಲಿದೆ. ಕಾಲು ಗಟ್ಟಿಯಿದ್ದು ಜನಜಂಗುಳಿ ಆಗದವರಿಗೆ ನನ್ನ ಓಟು ಚೊಕೆಕಿರಾವೊಗೇ.